ಹಿಂದಿನ ಸೀಟಿನ ಪಕ್ಕದ ಕಿಂಡಿ

ಬಳ್ಳಾರಿಗೆ ಬಂದ ಮರುದಿನ ಬೆಳಿಗ್ಗೆ ಮೂಗು ಒರೆಸಿಕೊಂಡರೆ ಕರವಸ್ತ್ರವೆಲ್ಲ ಕೆಂಪು. ರಕ್ತವೆಂದು ಹೆದರಿ, ಮೆಟ್ಟಿಲು ಎರಡೆರಡು ಹಾರಿ ಇಳಿದು ಕೆಳಗಿನ ಮನೆಯ ಬಾಗಿಲು ಬಡಿದೆ. ಮನೆಯೊಡತಿ ಹುಸೇನಬೀ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕರವಸ್ತ್ರ ನೋಡಿದರು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

"ರಕ್ತ ಅಲ್ಲವ್ವಾ, ಧೂಳು ಐತಿ ಅದು. ನಮ್ಮ ಬಳ್ಳಾರಿ ಮಣ್ಣು. ಇನ್ನ ದಿನಾ ಇದನ್ನ ನೋಡಬೇಕು ನೀನು."

ನಾಚಿಕೆಯಾಯಿತು. ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಪರೀಕ್ಷಿಸುವ ಲ್ಯಾಬಿನ ಕೆಲಸಕ್ಕೆ ಬಂದವಳು ನಾನು. ಅದಿರಿಗೂ ರಕ್ತಕ್ಕೂ ವ್ಯತ್ಯಾಸ ತಿಳಿಯದೆ ಬೊಬ್ಬೆ ಹೊಡೆದಿದ್ದೆ. ಆ ಮಣ್ಣನ್ನು ಮೊದಲು ಕಂಡಿರದವಳೂ ಅಲ್ಲ. ನಮ್ಮ ಕಾರವಾರದ ಬಂದರಿನಲ್ಲಿ ಅದು ಗುಡ್ಡೆಗುಡ್ಡೆಯಾಗಿ ಬಿದ್ದಿರುವುದನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿ ಅದು ಹಡಗು ಹತ್ತಿ ಹೋಗುವ ಸರಕು. ಇಲ್ಲಿ ಅದು ತಲೆದಿಂಬಿನ ಮೇಲೆ, ಲೋಟದ ತಳದಲ್ಲಿ, ಒಣಗಲು ಹಾಕಿದ ಬಿಳಿ ದುಪಟ್ಟಾದ ಮೇಲೆ ಇರುತ್ತದೆ.

ಊರಿನಿಂದ ಬರುವ ಕಾಗದಗಳಲ್ಲಿ ಎರಡು ಪ್ರಶ್ನೆಗಳು ತಪ್ಪುವುದಿಲ್ಲ. ಬಳ್ಳಾರಿ ಹೊಂದಿಕೊಂಡಿತಾ? ಆ ಕರೆಂಟಿನ ಕಾರು ಹೇಗಿದೆ, ಅಂಥದ್ದನ್ನು ಯಾರೋ ಬಳಸಿ ಬಿಟ್ಟದ್ದು ಕೊಳ್ಳಬಹುದಾ? ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಆದ್ದರಿಂದ ಒಟ್ಟಿಗೇ ಬರೆಯುತ್ತಿದ್ದೇನೆ.

ಆ ದಿನಗಳಲ್ಲಿ ಇಲ್ಲಿ ಬಾಡಿಗೆ ಮನೆ ಹುಡುಕುವುದೆಂದರೆ ಸಾಕುಸಾಕಾಗಿ ಹೋಗುತ್ತಿತ್ತು. ಗಣಿಯ ಭರಾಟೆಯಲ್ಲಿ ಹೊರಗಿನಿಂದ ಬಂದ ಗಂಡಸರು ಕೇಳಿದಷ್ಟು ಬಾಡಿಗೆ ಕೊಡುತ್ತಿದ್ದರು. ಮೂವತ್ತನಾಲ್ಕರ ಒಂಟಿ ಹೆಂಗಸನ್ನು ಬಾಗಿಲಲ್ಲೇ ನಿಲ್ಲಿಸಿ, ಮದುವೆ ಯಾಕಾಗಿಲ್ಲ ಎಂದು ಕೇಳಿ ಕಳಿಸುತ್ತಿದ್ದರು. ಹುಸೇನಬೀ ಕೇಳಿದ್ದು ಒಂದೇ ಪ್ರಶ್ನೆ: "ಮೀನು ತಿಂತೀಯೇನು?" ತಿನ್ನುತ್ತೇನೆ ಎಂದೆ. "ಹಂಗಾದ್ರ ಇರು. ನನ್ನ ತವರು ಕೆಂಚನಗುಡ್ಡ, ಸಿರುಗುಪ್ಪದ ಅತ್ಲಾಗ, ಹೊಳಿ ದಂಡಿಗೆ. ಮೀನಿಗೆ ಕಡಿಮಿ ಇಲ್ಲ."

ತುಂಗಭದ್ರೆಯ ಮೀನಿನಲ್ಲಿ ಉಪ್ಪುನೀರಿನ ರುಚಿ ಇಲ್ಲ. ಮೊದಲ ತುತ್ತಿಗೇ ನನ್ನ ಮುಖ ಸಪ್ಪಗಾಯಿತು. ಆದರೂ ಎರಡನೆಯ ಸಲ ಹಾಕಿಸಿಕೊಂಡೆ, ಮೂರನೆಯ ಸಲವೂ. ಆ ಸುಳ್ಳಿಗೆ ದಂಡವಾಗಿ ಪ್ರತಿ ಶುಕ್ರವಾರ ಮೀನು ಮೇಲಕ್ಕೆ ಬರುತ್ತಿತ್ತು. ವರ್ಷ ತುಂಬುವುದರೊಳಗೆ ಸುಳ್ಳು ನಿಜವಾಗಿತ್ತು. ಒಗ್ಗರಣಿಗೂ ಹಾಗೆಯೇ ಸೋತೆ. ಒಗ್ಗರಣಿ ಎಂದರೆ ಇಲ್ಲಿ ಈರುಳ್ಳಿ, ಹಸಿಮೆಣಸು ಹಾಕಿ ಕಲಸಿದ ಮಂಡಕ್ಕಿ. ಪಕ್ಕದಲ್ಲಿ ಮಿರ್ಚಿ ಬಜ್ಜಿ ಇಲ್ಲದಿದ್ದರೆ ಅದನ್ನು ತಿಂಡಿಯೆಂದು ಯಾರೂ ಒಪ್ಪುವುದಿಲ್ಲ. ತರಕಾರಿಯವಳು ತೆಲುಗಿನಲ್ಲಿ ಬೆಲೆ ಹೇಳಿ, ನನ್ನ ಪೆಚ್ಚು ಮುಖ ನೋಡಿ ಕನ್ನಡಕ್ಕೆ ಇಳಿಯುತ್ತಿದ್ದಳು. ಅವಳು ಇಳಿಯುವ ಮೊದಲೇ ನಾನು ತೆಲುಗಿನಲ್ಲಿ ಚೌಕಾಸಿ ಮಾಡಿದ ದಿನ, ಇಡೀ ಓಣಿಗೆ ಕೇಳುವಂತೆ ಹುಸೇನಬೀ ನನ್ನನ್ನು ಹೊಗಳಿದರು.

ಅವರನ್ನು ಚಾಚಿ ಎನ್ನುತ್ತಿದ್ದೆ. ಗಂಡ ಬಾಷಾಸಾಬರು ನನಗೆ ಚಾಚಾ. ಮನೆಯ ಮುಂದಿನ ಮಳಿಗೆಯಲ್ಲಿ ಅವರದು ಕುಶನ್ ಕೆಲಸ. ಲಾರಿ, ಕಾರುಗಳ ಸೀಟಿಗೆ ರೆಕ್ಸಿನ್ ಹೊಲಿದು ಕೂರಿಸುವುದು. ಅವರಿಗೆ ಮಕ್ಕಳಿರಲಿಲ್ಲ.

ಇನ್ನು ಕಾರು. ಗಣಿ ಯಜಮಾನರೊಬ್ಬರು ಜಪಾನಿನಿಂದ ತರಿಸಿದ ಹೈಬ್ರಿಡ್ ಕಾರು ಅದು. ಪೆಟ್ರೋಲಿನ ಇಂಜಿನ್ ಒಂದು, ಅದರ ಜೊತೆಗೆ ಹಿಂದಿನ ಸೀಟಿನ ಬೆನ್ನಿಗೆ ದೊಡ್ಡ ಬ್ಯಾಟರಿ ಒಂದು. ನಿಧಾನವಾಗಿ ಹೋಗುವಾಗ ಇಂಜಿನ್ ಮಲಗಿ, ಬ್ಯಾಟರಿಯೇ ಸದ್ದಿಲ್ಲದೆ ಗಾಡಿ ಎಳೆಯುತ್ತದೆ. ಯಜಮಾನರಿಗೆ ಅದೇ ಬೇಸರವಾಯಿತಂತೆ. ಓಣಿಗೆ ಗಾಡಿ ಬಂದದ್ದು ಯಾರಿಗೂ ಗೊತ್ತೇ ಆಗದಿದ್ದರೆ ವಿದೇಶಿ ಕಾರು ಇದ್ದೇನು ಫಲ? ಅರ್ಧಕ್ಕಿಂತ ಕಡಿಮೆ ಬೆಲೆಗೆ ನನ್ನ ಪಾಲಿಗೆ ಬಂತು. ಪಕ್ಕದ ಮನೆಯವರು ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಚಾಚಾ ದುವಾ ಓದಿದರು. ಗಾಡಿ ಹೊರಟಾಗ ಕೇಳಿಸಿದ್ದು ನಿಂಬೆಹಣ್ಣು ಒಡೆದ ಸದ್ದು ಮಾತ್ರ. "ಯಾ ಅಲ್ಲಾ, ದೆವ್ವ ಹೊಂಟಂಗ ಹೊಂಟೈತಲ್ಲ!" ಎಂದು ಚಾಚಿ ಕೂಗಿದರು.

ಕಾರಿನ ಕೈಪಿಡಿ ಜಪಾನಿ ಭಾಷೆಯಲ್ಲಿತ್ತು. ಅದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಹಾಗೇ ಇಟ್ಟುಬಿಟ್ಟೆ. ಚಿತ್ರಗಳಿದ್ದವು. ಚಿತ್ರಗಳನ್ನಾದರೂ ನೋಡಬಹುದಿತ್ತು.

ನನಗೆ ಸೀನು ಜಾಸ್ತಿ. ಕಾರಿನಲ್ಲಿ ಕೂತರೆ ಇನ್ನೂ ಜಾಸ್ತಿ. ಚಾಚಾ ಬಾಡಿಗೆಗೂ ಮಿಗಿಲಾದ ಪ್ರೀತಿಯಿಂದ ಸೀಟುಗಳಿಗೆಲ್ಲ ಹೊಸ ರೆಕ್ಸಿನ್ ಹಾಕಿಕೊಟ್ಟರು. ಹಿಂದಿನ ಸೀಟಿನ ಪಕ್ಕದಲ್ಲಿ, ಕೂತವರ ಮೊಣಕೈ ತಾಗುವ ಜಾಗದಲ್ಲಿ, ಜಾಲರಿಯ ಒಂದು ಕಿಂಡಿ ಇತ್ತು. "ಇದೇನು ಬೇಟಾ?" ಎಂದು ಚಾಚಾ ಕೇಳಿದರು. ಎ.ಸಿ.ಯದಿರಬೇಕು, ಮುಚ್ಚಿದರೂ ನಡೆಯುತ್ತದೆ, ಮುಂದೆ ಬೇರೆ ಕಿಂಡಿ ಇದೆಯಲ್ಲ ಎಂದುಬಿಟ್ಟೆ. ಅದೇ ಹೊತ್ತಿಗೆ ಸೀನಿದೆ ಕೂಡ.

"ನೋಡು, ಇಲ್ಲಿಂದನ ಬರಾಕತ್ತೈತಿ ಧೂಳು," ಎಂದರು ಚಾಚಿ. ಹೊಲಿಗೆ ಮಿಷನ್ನಿಗೆ ಆ ಮೂಲೆ ಎಟುಕುವುದಿಲ್ಲ ಎಂದು ಚಾಚಾ ಹೇಳಿದ್ದಕ್ಕೆ, ಚಾಚಿಯೇ ಉಳಿದ ರೆಕ್ಸಿನ್ ತುಂಡೊಂದನ್ನು ಕಿಂಡಿಗೆ ಅಳೆದು, ದಬ್ಬಳ ಹಿಡಿದು, ಕೌದಿ ಹೊಲಿಯುವ ಹಾಗೆ ಒತ್ತೊತ್ತಾಗಿ ಟಾಕು ಹಾಕುತ್ತ ಮಧ್ಯಾಹ್ನವೆಲ್ಲ ಕಾರಿನೊಳಗೆ ಕೂತರು. ಎದ್ದಾಗ ಬೆನ್ನು ನೆಟ್ಟಗಾಗಲಿಲ್ಲ. "ಇನ್ನ ಸೀನು ನೋಡೋಣ," ಎಂದರು.

ಆ ಬೇಸಿಗೆ, ಒಂದು ಭಾನುವಾರ, ತವರಿಗೆ ಹೋಗಿದ್ದ ಚಾಚಿಯನ್ನು ಕರೆತರಲು ನಾನೂ ಚಾಚಾನೂ ಕೆಂಚನಗುಡ್ಡಕ್ಕೆ ಹೋದೆವು. ಊಟ ಮಾಡಿ ಹೊರಟೆವು. ಸಿರುಗುಪ್ಪ ದಾಟಿ ಬಹಳ ದೂರ ಬಂದ ಮೇಲೆ ಚಾಚಿ ಮಾತು ನಿಲ್ಲಿಸಿದರು. ಕನ್ನಡಿಯಲ್ಲಿ ನೋಡಿದರೆ ಮುಖವೆಲ್ಲ ಬೆವರು. "ಎದಿಮ್ಯಾಲ ಕಲ್ಲು ಇಟ್ಟಂಗ ಆಗೈತಿ," ಎಂದರು. ಕುರುಗೋಡಿನ ವೈದ್ಯರೊಬ್ಬರು ನಾಲಿಗೆಯ ಕೆಳಗೆ ಮಾತ್ರೆ ಇಟ್ಟು, ಎಲ್ಲೂ ನಿಲ್ಲಿಸದೆ ಬಳ್ಳಾರಿಗೆ ಹೋಗಿ ಎಂದರು.

ಎ.ಸಿ. ಪೂರ್ತಿ ಹಾಕಿ ಕಾರನ್ನು ಓಡಿಸಿದೆ. ಹಿಂದಿನಿಂದ ಫ್ಯಾನೊಂದು ಹುಯ್ಯೆಂದು ಕೂಗತೊಡಗಿತು. ಆ ಕಾರು ಅಷ್ಟು ಸದ್ದು ಮಾಡಿದ್ದು ಅದೇ ಮೊದಲು. ಬಾದನಹಟ್ಟಿ ಹತ್ತಿರ ಬರುವಾಗ ಕೆಂಪು ದೀಪ ಹತ್ತಿತು, ಗಾಡಿ ಬಲಗುಂದಿತು, ನಿಂತಿತು. ಗುಂಡಿ ಒತ್ತಿದೆ, ಮತ್ತೆ ಒತ್ತಿದೆ. ಏನೂ ಆಗಲಿಲ್ಲ. ಚಾಚಾ ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸಿದರು. ಹೋಗುವವರು ಹೋದರು. ಕೊನೆಗೆ ಮೆಣಸಿನಕಾಯಿ ಚೀಲ ತುಂಬಿದ್ದ ಮೂರು ಚಕ್ರದ ಟಂಟಂ ಗಾಡಿಯೊಂದು ನಿಂತಿತು. ಅದರ ಚಾಲಕ ಏನೂ ಕೇಳದೆ ಚೀಲಗಳನ್ನೆಲ್ಲ ರಸ್ತೆ ಬದಿಗೆ ಇಳಿಸಿ ಜಾಗ ಮಾಡಿದ. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ದಾರಿಯುದ್ದಕ್ಕೂ ಚಾಚಿಯ ತಲೆ ನನ್ನ ತೊಡೆಯ ಮೇಲಿತ್ತು. ಮೆಣಸಿನ ಘಾಟಿಗೆ ನಾನು ಸೀನಿದೆ. ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

ಸಂಜೆಯ ನಮಾಜಿನ ಹೊತ್ತಿಗೆ, ಬಳ್ಳಾರಿಯ ಆಸ್ಪತ್ರೆಯಲ್ಲಿ, ಚಾಚಿ ಹೋದರು. ಇನ್ನೊಂದು ಸ್ವಲ್ಪ ಮೊದಲು ತಂದಿದ್ದರೆ ಎಂದು ವೈದ್ಯರು ಅರ್ಧಕ್ಕೆ ಮಾತು ನಿಲ್ಲಿಸಿದರು. ಆ ಅರ್ಧ ಮಾತನ್ನು ನಾನು ಈಗಲೂ ದಿನಾ ಪೂರ್ತಿ ಮಾಡುತ್ತಿರುತ್ತೇನೆ.

ಬಳ್ಳಾರಿಯಲ್ಲಿ ಆ ಕಾರು ತಿಳಿದವರಿರಲಿಲ್ಲ. ಕಾರನ್ನು ಎಳೆಸಿ ತಂದಿಟ್ಟಿದ್ದ ಗ್ಯಾರೇಜಿಗೆ ಬೆಂಗಳೂರಿನಿಂದ ಮೆಕ್ಯಾನಿಕ್ ಬಂದ. ಹಿಂದಿನ ಬಾಗಿಲು ತೆಗೆದವನೇ, "ಮೇಡಂ, ಇದನ್ನ ಯಾರು ಹೊಲಿದಿದ್ದು? ಬ್ಯಾಟರಿ ತಣ್ಣಗಿರೋಕೆ ಗಾಳಿ ಎಳ್ಕೊಳ್ಳೋದೇ ಇಲ್ಲಿಂದ," ಎಂದ. ಬ್ಯಾಟರಿ ಹಳೆಯದೂ ಆಗಿತ್ತು, ಬಿಸಿಲೂ ಇತ್ತು, ಇದೊಂದೇ ಕಾರಣ ಎನ್ನಲಾಗದು ಎಂದೂ ಹೇಳಿದ. ಅವನ ಎದುರಿಗೇ ಕೈಪಿಡಿ ತೆರೆದೆ. ಕಿಂಡಿಯ ಚಿತ್ರ, ಅದರ ಮೇಲೊಂದು ಬಟ್ಟೆ, ಬಟ್ಟೆಯ ಮೇಲೆ ದೊಡ್ಡ ಅಡ್ಡಗೀಟು. ಓದು ಬಾರದವರಿಗೂ ತಿಳಿಯುವ ಚಿತ್ರ ಅದು. ಗ್ಯಾರೇಜಿನ ಕತ್ತರಿಯಿಂದ ಆ ತುಂಡನ್ನು ನಾನೇ ಕತ್ತರಿಸಿ ತೆಗೆದೆ.

ಹೊಸ ಬ್ಯಾಟರಿ ಹಾಕಿಸಿಕೊಂಡು ಕಾರು ಮನೆಗೆ ಬಂದ ದಿನ ಚಾಚಾ ಅದರೊಳಗೆ ಬಗ್ಗಿ ನೋಡಿದರು. "ಇಲ್ಲೇನಾತು ಬೇಟಾ?"

ಅವರ ಮಳಿಗೆಯ ರೆಕ್ಸಿನ್, ಅವರ ಹೆಂಡತಿಯ ಕೈ, ನನ್ನ ಸೀನು. ಇದನ್ನು ಈ ಮನುಷ್ಯನಿಗೆ ಹೇಗೆ ಹೇಳಲಿ? "ಗ್ಯಾರೇಜಿನಲ್ಲಿ ಇಲಿ ಕಡಿದಿದೆ ಚಾಚಾ," ಎಂದೆ.

ಅವರು ತೂತಿನ ಅಂಚಿನ ಮೇಲೆ ಬೆರಳಾಡಿಸಿದರು. "ಹೂಂ. ಬಳ್ಳಾರಿ ಇಲಿ ದೊಡ್ಡವು," ಎಂದು ಒಳಗೆ ಹೋದರು.

ಆ ಕಾರಿನಲ್ಲಿ ಮತ್ತೆ ಕೂರಲು ನನ್ನಿಂದಾಗಲಿಲ್ಲ. ಮಾರಿಬಿಟ್ಟೆ. ಕೊಂಡವರು ಸಿರುಗುಪ್ಪದ ಅಕ್ಕಿ ಗಿರಣಿಯ ವೀರೇಶಪ್ಪನವರು. ಅವರ ಪ್ರಶ್ನೆಗಳಿಗೆ ಕೊನೆಯಿಲ್ಲ. "ರಾತ್ರಿ ಚಾರ್ಜಿಗೆ ಹಾಕಬೇಕೇನ್ರಿ? ಮಳಿಯಾಗ ಶಾಕ್ ಹೊಡಿತೈತೇನ್ರಿ?" ಅವರಿಗೆ ನಾನು ಹೇಳಿದ್ದು ಇದು: ಚಾರ್ಜಿಗೆ ಹಾಕುವಂಥದ್ದಲ್ಲ, ಓಡುವಾಗ, ಬ್ರೇಕ್ ಒತ್ತುವಾಗ ತಾನೇ ತುಂಬಿಕೊಳ್ಳುತ್ತದೆ. ಮಳೆಗೆ ಏನೂ ಆಗುವುದಿಲ್ಲ. ಆದರೆ ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ಊರಿನ ಎಲೆಕ್ಟ್ರಿಷಿಯನ್ ಕೈಗೆ ಕೊಡಬೇಡಿ. ಊರಿಗೆ ಹೋಗುವುದಿದ್ದರೆ ತಿಂಗಳುಗಟ್ಟಲೆ ನಿಲ್ಲಿಸಿಬಿಡಬೇಡಿ, ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಯಾರಿಗಾದರೂ ಹೇಳಿ. ಸದ್ದಿಲ್ಲದ ಗಾಡಿ, ಓಣಿಯಲ್ಲಿ ಬೆನ್ನು ತಿರುಗಿಸಿ ನಿಂತವರಿಗೆ ಬಂದದ್ದು ತಿಳಿಯುವುದಿಲ್ಲ, ಹಾರ್ನ್ ಹೊಡೆಯಿರಿ. ಹಳೆಯದನ್ನು ಕೊಳ್ಳುವವರು ಬಣ್ಣ ನೋಡುವ ಮೊದಲು ಬ್ಯಾಟರಿಯ ವಯಸ್ಸು ಕೇಳಿ, ಸರ್ವಿಸ್ ಮಾಡಿಸಿದ ಪುಸ್ತಕ ಕೇಳಿ. ನೀವೂ ಬರೆದಿಟ್ಟುಕೊಳ್ಳಿ.

ಕಿಂಡಿಯ ಮಾತೊಂದನ್ನು ಮಾತ್ರ ಬಾಯಿಂದ ಹೇಳಲಿಲ್ಲ. ಚಾಚಾ ಪಕ್ಕದಲ್ಲೇ ನಿಂತಿದ್ದರು. ಇದನ್ನೆಲ್ಲ ಬರೆದುಕೊಟ್ಟ ಚೀಟಿಯಲ್ಲಿ ಅದನ್ನು ಮೊದಲ ಸಾಲಿಗೇ ಬರೆದು, ಮಡಚಿ ವೀರೇಶಪ್ಪನವರ ಕೈಗಿತ್ತೆ.

ಚಾಚಿ ಹೋಗಿ ವರ್ಷವಾದಾಗ, ಅವರ ತಂಗಿಯನ್ನು ನೋಡಲು ಬಸ್ಸಿನಲ್ಲಿ ಕೆಂಚನಗುಡ್ಡಕ್ಕೆ ಹೋಗಿದ್ದೆ. ಬರುವಾಗ ಸಿರುಗುಪ್ಪದಲ್ಲಿ ವೀರೇಶಪ್ಪನವರು ಕಂಡು, ಬಿಡದೆ ಗಿರಣಿಗೆ ಕರೆದರು. ಅಂಗಳದಲ್ಲಿ ಕಾರಿತ್ತು.

"ಸೀಟೆಲ್ಲ ಹೊಸದು ಮಾಡಿಸೀನಿ ನೋಡ್ರಿ ಮೇಡಂ. ನಿಮ್ಮ ಬಾಷಾಸಾಬರ ಕಡಿಂದನ," ಎಂದು ಹಿಂದಿನ ಬಾಗಿಲು ತೆಗೆದರು.

ಕಿಂಡಿಯ ಸುತ್ತ ರೆಕ್ಸಿನ್ನನ್ನು ಅಳತೆ ಹಿಡಿದು ಬಿಟ್ಟಿದ್ದರು. ಅಂಚು ಮಡಚಿ, ಎರಡೆರಡು ಸಾಲು ಹೊಲಿಗೆ. "ನಾನು ಹೇಳೂದಕ್ಕಿಂತ ಮೊದಲ ಅವರ ಹೇಳಿದ್ರು," ಎಂದರು ವೀರೇಶಪ್ಪನವರು. "ಇದನ್ನ ಎಂದೂ ಮುಚ್ಚಬ್ಯಾಡ್ರಿ ಯಜಮಾನ್ರ, ಗಾಡಿ ಉಸುರು ಆಡೂದು ಇಲ್ಲಿಂದ ಅಂತ."

ಬಸ್ಸಿನಲ್ಲಿ ಬಳ್ಳಾರಿಯವರೆಗೂ ಅತ್ತೆ. ಬಾದನಹಟ್ಟಿ ಬಂದಾಗ ಕಿಟಕಿಯ ಕಡೆ ನೋಡಲಿಲ್ಲ.

ಮನೆಗೆ ಬಂದರೆ ಚಾಚಾ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಎದುರಿಗೆ ಕೂತೆ. "ವೀರೇಶಪ್ಪನವರ ಕಾರು ನೋಡಿದೆ," ಎಂದೆ.

ಅವರ ಕೈ ನಿಲ್ಲಲಿಲ್ಲ. "ಇಲಿ ಕಡಿದ್ರ ಅಂಚು ಅಷ್ಟು ನೆಟ್ಟಗ ಇರ್ತೈತೇನು ಬೇಟಾ? ನಲವತ್ತು ವರ್ಷ ಕತ್ರಿ ಹಿಡಿದೀನಿ ನಾನು. ಮರುದಿನನ ಗ್ಯಾರೇಜಿಗೆ ಹೋಗಿ ಕೇಳಿ ಬಂದೆ."

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದ್ದಿ ನೀನು. ನಾ ಗೊತ್ತಾತು ಅಂದಿದ್ರ ನೀ ಈ ಮನ್ಯಾಗ ಇರ್ತಿದ್ದೇನು?" ಅಕ್ಕಿಯೊಳಗಿನ ಕಲ್ಲೊಂದನ್ನು ಎತ್ತಿ ಎಸೆದು ಕೇಳಿದರು: "ಆ ತುಂಡು ಏನು ಮಾಡಿದಿ?"

ಮೇಲೆ ಹೋಗಿ, ಸೀರೆಗಳ ಕೆಳಗೆ ಇಟ್ಟಿದ್ದ ಅಂಗೈಯಗಲದ ರೆಕ್ಸಿನ್ ತುಂಡನ್ನು ತಂದು ಕೊಟ್ಟೆ. ಚಾಚಾ ಮೊರ ಕೆಳಗಿಟ್ಟರು. ಅಂಚಿನಲ್ಲಿ ಉಳಿದಿದ್ದ ಚಾಚಿಯ ಟಾಕುಗಳ ಮೇಲೆ ಹೆಬ್ಬೆರಳು ಎಳೆದರು, ತಿರುಗಿಸಿ ಮತ್ತೆ ಎಳೆದರು.

"ಎಷ್ಟು ಸಲ ಹೇಳೀನಿ ಆಕಿಗೆ, ರೆಕ್ಸಿನ್ನಿಗೆ ಇಷ್ಟು ಒತ್ತೊತ್ತಿ ಹೊಲಿಬ್ಯಾಡ, ಗಾಳಿ ಸೈತ ಹೋಗಂಗಿಲ್ಲ ಅಂತ," ಎಂದರು. ಆಮೇಲೆ ಅಳತೊಡಗಿದರು. ಒಂದು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಾರವಾರದಿಂದ ಅಣ್ಣನ ಕಾಗದ ಬಂದು ಎರಡು ವಾರವಾಗಿದೆ. ಬಂದರಿನ ಲ್ಯಾಬಿನಲ್ಲಿ ಕೆಲಸ ಖಾಲಿ ಇದೆಯಂತೆ. ಅದೇ ಅದಿರು, ಆದರೆ ಸಮುದ್ರದ ಗಾಳಿ, ಬಂಗುಡೆ, ನನ್ನ ಮಾತು, ನನ್ನ ಜನ. ಹೋದ ಸಲ ಊರಿಗೆ ಬಂದಾಗ ನಾನು "ಮನಿ" ಎಂದದ್ದಕ್ಕೆ ನೀವೆಲ್ಲ ನಕ್ಕು, ಬಳ್ಳಾರಿಯವಳು ಬಂದಳು ಎಂದಿರಿ. ಇಲ್ಲಿ ತರಕಾರಿಯವಳು ಈಗಲೂ ನನ್ನನ್ನು ಕಾರವಾರದಾಕಿ ಎಂದೇ ಕರೆಯುತ್ತಾಳೆ. ನಿಮ್ಮ ಮೀನು ಬೇಕು ಅನಿಸುತ್ತದೆ. ಶುಕ್ರವಾರ ಬಂದರೆ ಹೊಳೆಮೀನು ನೆನಪಾಗುತ್ತದೆ.

ಕಾಗದದ ವಿಷಯವನ್ನು, ಚಾಚಾ ಅತ್ತ ಆ ಸಂಜೆಯೇ, ಅವರಿಗೆ ಹೇಳಿದೆ. ಅವರು ರೆಕ್ಸಿನ್ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

"ಹೋಗು ಬೇಟಾ. ಹುಟ್ಟೂರು ಅದು," ಎಂದರು. "ಆದರ ಮ್ಯಾಲಿನ ಮನಿ ನಾ ಯಾರಿಗೂ ಕೊಡಂಗಿಲ್ಲ. ಧೂಳು ಕೂಡತೈತಿ. ಆಗಾಗ ಬಂದು ಕಸ ಹೊಡಿ."