ಕೊಟ್ಟಿಗೆಯೊಳಗಿನ ಮಾತು

ಜಯಮ್ಮ, ನಿಮ್ಮ ಕೊಟ್ಟಿಗೆಯ ಮಾತನ್ನು ಸಿನಿಮಾದವರ ಕಿವಿಗೆ ಹಾಕಿದವಳು ನಾನು. ನಿನ್ನ ಗಂಡ ಅಲ್ಲ — ನೀನು ಅಕ್ಕಾ ಎಂದು ಕರೆದು ನಂಬಿದ್ದ ಈ ಟೀಚರು.

ಬಾಗೂರಿನ ಶಾಲೆಗೆ ನಾನು ಬಂದ ಹೊಸತು. ನಿನಗೂ ಆಗತಾನೇ ಮದುವೆಯಾಗಿತ್ತು. ಅತ್ತೆ ಮಾವನ ಎದುರು ಗಂಡ ಹೆಂಡತಿ ಮಾತಾಡುವ ಹಾಗಿಲ್ಲ. ಅದಕ್ಕೇ ನೀನು ಹಾಲು ಕರೆಯುವಾಗ ನಿನ್ನ ಯಜಮಾನರು ಕೊಟ್ಟಿಗೆಗೆ ಬಂದು ಹಸುವಿನ ಜೊತೆ ಮಾತಾಡುತ್ತಿದ್ದರು. "ಗೌರಿ, ಮಲ್ಲಿಗೆ ತಂದಿವ್ನಿ, ತೊಲೆ ಸಂದೀಲಿ ಮಡ್ಗಿವ್ನಿ ಅಂತ ಯೋಳು ಅವ್ಳಿಗೆ." ನೀನೂ ಗೌರಿಗೇ ಉತ್ತರ ಕೊಡುತ್ತಿದ್ದೆ. ಇದನ್ನು ನಾಚಿಕೊಂಡೇ ನನಗೆ ಹೇಳಿದ್ದೆ. ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಆಣೆ ಮಾಡಿಸಿಕೊಂಡಿದ್ದೆ.

ಆ ಯುಗಾದಿಗೆ ನನ್ನ ತಮ್ಮ ಬಂದ. ಮದರಾಸಿನಲ್ಲಿ ಸಿನಿಮಾಕ್ಕೆ ಮಾತು ಬರೆಯುವವರೊಬ್ಬರ ಕೈಕೆಳಗಿದ್ದ — ಊರಿನವರಿಗೆ ಬರೀ ಮದರಾಸಿನಲ್ಲಿ ಕೆಲಸ ಎಂದಿದ್ದೆ. ಒಬ್ಬಟ್ಟು ಬಡಿಸುತ್ತ ಅವನನ್ನು ನಗಿಸಬೇಕೆನಿಸಿತು. ನಿಮ್ಮಿಬ್ಬರ ದನಿಯನ್ನೂ ಅಣಕಿಸಿ ತೋರಿಸಿದೆ, ಮಲ್ಲಿಗೆಯನ್ನೂ ಬಿಡಲಿಲ್ಲ. ಯಾಕೆ ಮಾಡಿದೆ? ನನ್ನ ಮನೆಯಲ್ಲಿ ಅಡ್ಡ ಬರುವ ಅತ್ತೆ ಇರಲಿಲ್ಲ; ಗಂಡ ಹೆಂಡತಿಯ ನಡುವೆ ಮಾತೂ ಇರಲಿಲ್ಲ. ಹೊಟ್ಟೆಕಿಚ್ಚು — ಇನ್ನೇನು.

ಮರುವರ್ಷ ಚನ್ನರಾಯಪಟ್ಟಣದ ಟಾಕೀಸಿಗೆ ಹೊಸ ಚಿತ್ರ ಬಂತು. ಗಂಡ ಹೆಂಡಿರ ಜಗಳದ ಕಥೆ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ ಎಂದು ಕೇಳಿ ನೀನು, ನಿನ್ನ ಯಜಮಾನರು, ನಾನು ಮೂವರೂ ಹೋದೆವು. ಅವರು ಗಂಡಸರ ಕಡೆ ಕೂತರು. ತೆರೆಯ ಮೇಲೆ ಒಂದು ಕೊಟ್ಟಿಗೆ. ಪೆದ್ದು ಗಂಡನೊಬ್ಬ ಎಮ್ಮೆಯ ಕಿವಿಗೆ ಬಾಯಿಟ್ಟು, ಹೆಂಡತಿಗೆ ಮಲ್ಲಿಗೆ ತಂದಿದ್ದೇನೆ, ತೊಲೆ ಸಂದಿಯಲ್ಲಿದೆ ಎಂದ. ಎಮ್ಮೆ ಆ ಮಲ್ಲಿಗೆಯನ್ನು ತಿಂದುಹಾಕಿತು. ಟಾಕೀಸೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ ಜಯಮ್ಮ — ನಗದಿದ್ದರೆ ನಿನಗೆ ಗೊತ್ತಾಗಿಬಿಡುತ್ತದೆ ಎಂದು.

ನೀನು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದೆ. "ನಮ್ಮನೇವ್ರು ಯಾರ್ ತಾವೋ ಯೋಳ್ಕಂಡವ್ರೆ ಕಣಕ್ಕ," ಅಂದೆ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಊರಿನಲ್ಲಿ ಯಾರಿಗೂ ಅದು ನಿಮ್ಮ ಮಾತೆಂದು ತಿಳಿಯಲಿಲ್ಲ. ನಿಮ್ಮಿಬ್ಬರಿಗೆ ತಿಳಿಯಿತು, ಅಷ್ಟು ಸಾಕಾಯಿತು. ನೀನು ಕೇಳಿದೆ, ಅವರು ಇಲ್ಲ ಎಂದರು, ನೀನು ನಂಬಲಿಲ್ಲ. ನನ್ನ ಮೇಲೆ ಅನುಮಾನವೇ ಬರಲಿಲ್ಲ — ಆಣೆ ಮಾಡಿದ್ದೆನಲ್ಲ! ಅಂದಿನಿಂದ ಹಾಲು ಕರೆಯಲು ನಿನ್ನತ್ತೆ ಕೂತರು. ಮಕ್ಕಳಾದರು, ಸಂಸಾರ ನಡೆಯಿತು. ಅವರು ಗೌರಿಯ ಜೊತೆ ಮಾತಾಡಿದರೆಂದು ಮಾತ್ರ ನೀನು ಮತ್ತೆಂದೂ ನನಗೆ ಹೇಳಲಿಲ್ಲ.

ಈಗ ಆ ಚಿತ್ರ ಟಿವಿಯಲ್ಲಿ ಬರುತ್ತದೆ. ಹಾಸನದ ನಮ್ಮ ಮನೆಯಲ್ಲಿ ಮೊಮ್ಮಕ್ಕಳು ಎಮ್ಮೆಯನ್ನು ನೋಡಿ ಉರುಳಾಡಿ ನಗುತ್ತಾರೆ. ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಹೋದ ತಿಂಗಳು ನಿನ್ನ ಯಜಮಾನರ ತಿಥಿಗೆ ಬಂದಿದ್ದೆ. ನನ್ನ ಕೈ ಹಿಡಿದುಕೊಂಡು ನೀನು ಅಂದೆ: "ಸಾಯೋಗಂಟ ನಾನೇಳಿಲ್ಲ ಅಂತ್ಲೇ ಅಂದ್ರು ಕಣಕ್ಕ. ಒಪ್ಕಂಡಿದ್ರೆ ಅವತ್ತೇ ಮರ್ತುಬುಡ್ತಿದ್ದೆ."

ಆಗಲೂ ನಾನು — ನಿನ್ನ ಬೆನ್ನು ಸವರಿದೆ, ಅಷ್ಟೆ. ನನ್ನ ಕೈಗೆ ಹುಳ ಬೀಳಬೇಕಿತ್ತು.

ನಾಳೆ ಬಾಗೂರಿಗೆ ಬರುತ್ತೇನೆ. ನೀನು ಒಳಗೆ ಕರೆಯಬೇಡ, ಕ್ಷಮಿಸಲೂ ಬೇಡ. ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ. ಅವರು ನಿನಗೆ ಸುಳ್ಳು ಹೇಳಿರಲಿಲ್ಲ ಜಯಮ್ಮ.