ಸರಪಳಿಯ ಮುಚ್ಚಳ

ಮಲ್ಲು, ಆ ಮುಚ್ಚಳ ಕತ್ತರಿಸಲು ಹೇಳಿದವನು ನಾನು. ಸಂಗಮೇಶನ ಕೈ ಹೋದದ್ದು ನನ್ನಿಂದ. ನಿನ್ನ ಹಲ್ಲು ಮುರಿದವನೂ ನಾನೇ — ಇದೆಲ್ಲ ನಿನಗೆ ಗೊತ್ತು. ಬೇರೆ ಯಾರಿಗೂ ನಾನು ಇಂದಿನವರೆಗೆ ಹೇಳಿಲ್ಲ.

ಬಾಗಲಕೋಟೆಯ ಕಾಲೇಜಿನಲ್ಲಿ ನಾವು ಸ್ಪರ್ಧೆಗೆಂದು ರೇಸ್ ಕಾರು ಕಟ್ಟುತ್ತಿದ್ದೆವು. ನಾನು ಕ್ಯಾಪ್ಟನ್, ಸಂಗಮೇಶ ಡ್ರೈವರ್, ಕಬ್ಬಿಣದ ಕೆಲಸವೆಲ್ಲ ನಿನ್ನದು. ಇಂಜಿನ್ನಿನ ಸರಪಳಿ ತುಂಡಾದರೆ ಯಾರಿಗೂ ಬಡಿಯದಂತೆ ಅದನ್ನು ಹಲ್ಲುಗಾಲಿಯಿಂದ ಹಲ್ಲುಗಾಲಿಯವರೆಗೆ ಉಕ್ಕಿನ ತಗಡಿನಿಂದ ಮುಚ್ಚಬೇಕು ಎಂದು ನಿಯಮವಿತ್ತು. ಹಲ್ಲುಗಾಲಿಯ ನಡುವಿನವರೆಗೋ, ಹೊರ ಅಂಚಿನವರೆಗೋ — ಬರೆದಿರಲಿಲ್ಲ. ನೀನು ಪೂರ್ತಿ ಮುಚ್ಚಿದ್ದೆ. ನನಗೆ ತೂಕ ಇಳಿಸುವ ಹುಚ್ಚು. ಡ್ರೈವರ್ ಕಡೆಯ ಅಂಚನ್ನು ಗೇಣುದ್ದ ತೆಗೆ ಎಂದೆ.

"ಸ್ಪರ್ಧೆಯ ಸಮಿತಿಯವರ್ನ ಒಮ್ಮೆ ಕೇಳೂಣಲೇ," ಎಂದೆ ನೀನು.

"ಕೇಳಿದ್ರ ಬ್ಯಾಡ ಅಂತಾರ. ಬರದಿಲ್ಲಂದ್ರ ನಡೀತದ. ಕತ್ತರಸು."

ಎಲ್ಲ ತಂಡಗಳೂ ಹಾಗೆಯೇ ಮಾಡುತ್ತಿದ್ದವು. ಅನುಮಾನ ಬಂದರೆ ಕೇಳಬಾರದು. ಸುಮ್ಮನಿದ್ದು, ಪರೀಕ್ಷಕರ ಎದುರು ವಾದಿಸಿ ಗೆಲ್ಲಬೇಕು. ವಾದದಲ್ಲಿ ನಾನು ಗಟ್ಟಿಗ. ಸರಪಳಿಯೊಡನೆ ಯಾರು ವಾದಿಸುತ್ತಾರೆ!

ಕುಳಗೇರಿ ಕ್ರಾಸಿನಾಚೆಯ ಬಯಲಿನಲ್ಲಿ ಓಡಿಸಿ ನೋಡುವಾಗ ಸರಪಳಿ ತುಂಡಾಯಿತು. ಕತ್ತರಿಸಿದ ಕಡೆಯಿಂದಲೇ ಹಾರಿ ಸಂಗಮೇಶನ ಬಲ ಮೊಣಕೈಗೆ ಬಡಿಯಿತು. ಕೈ ಬರೀ ತೊಗಲಿನ ಮೇಲೆ ನೇತಾಡುತ್ತಿತ್ತು. ಅವನ ಕೂಗು — ಬೇಡ, ಅದನ್ನು ಬರೆಯಲಾರೆ.

ದವಾಖಾನೆಯ ಅಂಗಳಕ್ಕೆ ಹುನಗುಂದದಿಂದ ಸಂಗಮೇಶನ ಅಣ್ಣ ಬಂದ. ಮುಚ್ಚಳ ಗಿಡ್ಡವಿತ್ತೆಂದು ಯಾರೋ ಅವನ ಕಿವಿಗೆ ಹಾಕಿದ್ದರು.

"ಯಾವಲೇ ಅದನ್ನ ಕತ್ತರಿಸಿದಾಂವ?"

ನಿನ್ನ ಕೊರಳಪಟ್ಟಿ ಹಿಡಿದು ಕೆನ್ನೆಗೆ ಬಿಗಿದೆ. "ಪೂರ್ತಿ ಮುಚ್ಚಂತ ನಿನಗ ಹೇಳಿದ್ದಿಲ್ಲೇನಲೇ?"

"ನೀನ ಹೇಳಿ—" ಎನ್ನುವಷ್ಟರಲ್ಲಿ ಬಾಯಿಗೆ ಗುದ್ದಿದೆ. ಸಿಟ್ಟಿನಿಂದಲ್ಲ, ಆ ಮಾತು ಮುಗಿಯಬಾರದೆಂದು. ನೀನು ರಕ್ತ ಉಗುಳುತ್ತ ನೆಲಕ್ಕೆ ಬಿದ್ದೆ. ಆಮೇಲೆ ಅವನಣ್ಣ ಒದ್ದ, ಪಕ್ಕೆಲುಬು ಮುರಿಯುವ ತನಕ ಒದ್ದ. ನಾನು ನೋಡುತ್ತ ನಿಂತಿದ್ದೆ. ಥೂ — ಆಗ ನನಗೆ ನಿರಾಳವೆನಿಸಿತ್ತು.

ನೀನು ಕಾಲೇಜು ಬಿಟ್ಟು ಇಳಕಲ್ಲಿಗೆ, ಮನೆಯ ಮಗ್ಗಕ್ಕೆ ಮರಳಿದೆ. ನಾನೀಗ ಅಂಥವೇ ಸ್ಪರ್ಧೆಗಳಲ್ಲಿ ಕಾರು ಪರೀಕ್ಷಿಸುವ ಸಾಹೇಬ. ಸಂಗಮೇಶ ಎಡಗೈಯಿಂದ ಉಣ್ಣುತ್ತಾನೆ. ಅವನ ಮನೆಯಲ್ಲಿ ನಿನ್ನ ಹೆಸರೆತ್ತಿದರೆ ಉಗುಳುತ್ತಾರೆ. ನನ್ನನ್ನು ಹಬ್ಬದೂಟಕ್ಕೆ ಕರೆಯುತ್ತಾರೆ. "ನೀ ಹೊತ್ಕೊಂಡು ದವಾಖಾನಿಗೆ ತಂದಿ ಅಂತ ನನ್ನ ಮಗ ಉಳದಾನಪ್ಪಾ," ಎನ್ನುತ್ತ ಅವನವ್ವ ಹೋಳಿಗೆ ಬಡಿಸುತ್ತಾಳೆ. ಉಂಡಿದ್ದೇನೆ, ಪ್ರತಿ ಸಲ.

ನಾಳೆ ಮತ್ತೆ ಕರೆದಿದ್ದಾರೆ. ಈ ಸಲ ಹೊಸ್ತಿಲಲ್ಲೇ ನಿಂತು ಅವನಣ್ಣನಿಗೆ ಖರೆ ಹೇಳುತ್ತೇನೆ. ನಿನ್ನನ್ನು ಒದ್ದಂತೆ ನನ್ನನ್ನೂ ಒದೆಯಲಿ — ಅದರಿಂದ ನಿನ್ನ ಹಲ್ಲು ಬರುವುದಿಲ್ಲ, ಸಂಗಮೇಶನ ಕೈಯೂ ಬರುವುದಿಲ್ಲ. ಆದರೆ ಆ ಮನೆಯವರು ಇನ್ನು ಉಗುಳುವುದಿದ್ದರೆ ನನ್ನ ಮುಖಕ್ಕೇ ಉಗುಳಲಿ.