ವ್ಯಾಸಪೀಠವೇರಿದ ಮನುಷ್ಯರು

ನಿನ್ನೆ ಬದಿಯಡ್ಕದ ವಾಚನಾಲಯಕ್ಕೆ ಪುಸ್ತಕವೊಂದನ್ನು ಮರಳಿಸಲು ಹೋಗಿದ್ದೆ. ಅಲ್ಲಿಯ ಗ್ರಂಥಪಾಲಕಿ ಶೈಲಜಾ ಪುಟಗಳನ್ನು ಸರಸರನೆ ತಿರುವಿ ನೋಡುವಾಗ ಒಣಗಿದ ತುಳಸಿಯ ದಳಗಳು ಮೇಜಿನ ಮೇಲೆ ಉದುರಿದವು. ಒಣಗಿದ ತುಳಸಿಗೆ ಒಂದು ತೆಳು ಪರಿಮಳವಿದೆ. ಪೂಜೆ ಮುಗಿದ ಮೇಲೂ ದೇವರ ಕೋಣೆಯಲ್ಲಿ ಉಳಿಯುವಂಥದ್ದು.

"ಎಂತ ಮಾಸ್ಟ್ರೆ, ಈ ಸಲವೂ ನಮ್ಮ ಪುಸ್ತಕಕ್ಕೆ ಪೂಜೆ ಆಯ್ತಾ?" ಎಂದು ನಗುತ್ತ, ಉಳಿದ ದಳಗಳನ್ನೂ ಕೊಡವಲು ಅವಳು ಪುಸ್ತಕವನ್ನು ಮಗುಚಿದಳು.

"ತಡೆ ಮಗಳೆ" ಎಂದೆ. ಏಕೆ ತಡೆದೆನೆಂದು ನಿಮಗೆ ತಿಳಿಯಬೇಕಾದರೆ, ಓದುಗ ಮಿತ್ರರೆ, ನನ್ನೊಡನೆ ಒಂದು ವರ್ಷ ಹಿಂದಕ್ಕೆ ಬರಬೇಕು.

ಮುಸ್ಸಂಜೆಗೆ ದೀಪ ಹಚ್ಚಿ ಪುರಾಣ ಓದುವುದು ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ನಡೆದುಬಂದ ಕ್ರಮ. ಹಲಸಿನ ಮರದ ಮಡಚುವ ವ್ಯಾಸಪೀಠ, ಅದರ ಮೇಲೆ ಗ್ರಂಥ, ನಿಲ್ಲಿಸಿದಲ್ಲಿ ಗುರುತಿಗೆ ತುಳಸಿಯ ದಳ. ಇನ್ನೊಂದು ಕಟ್ಟುನಿಟ್ಟಾದ ನಿಯಮವೂ ಇದೆ. ಸಾವು, ಶಾಪ, ಅಗಲಿಕೆಗಳ ಸ್ಥಳದಲ್ಲಿ ಗ್ರಂಥವನ್ನು ಮುಚ್ಚಬಾರದು. ಗಂಟಲು ಒಣಗಿದರೂ ಸರಿಯೆ, ಮುಂದಿನ ಮಂಗಲದವರೆಗೆ, ಎಂದರೆ ಏನಾದರೊಂದು ಶುಭ ನಡೆಯುವವರೆಗೆ, ಓದಿಯೇ ನಿಲ್ಲಿಸಬೇಕು.

ಹಿಂದೆಯೇ ಗಂಡನನ್ನು ಕಳೆದುಕೊಂಡಿದ್ದ ನನ್ನ ಅಕ್ಕ, ಒಬ್ಬಳೇ ಮಗಳು ಗೀತಾ ಜ್ವರದಲ್ಲಿ ತೀರಿಹೋದ ಮೇಲೆ ನಮ್ಮಲ್ಲಿಗೆ ಬಂದಳು. ಕಣ್ಣು ಮಬ್ಬಾಗಿತ್ತು, ಕಿವಿ ಮಾತ್ರ ಚುರುಕು. ಬಂದವಳು ಗೀತಳ ಹೆಸರನ್ನು ಎತ್ತಲಿಲ್ಲ. ನಾವು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಪುರಾಣಕ್ಕೂ ಬಂದು ಕೂರಲಿಲ್ಲ. ಕರೆದಾಗ ಒಂದೇ ಮಾತು: "ನಿನ್ನ ಪುರಾಣದಲ್ಲಿ ಸತ್ತವರು ವರ ಸಿಕ್ಕಿ ಎದ್ದು ಬರ್ತಾರೆ. ಅದು ಕೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ ಮಾರಾಯ." ಬರಬರುತ್ತ ಅವಳ ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಇಷ್ಟು ವರ್ಷ ಓದಿದವನೆಂದು ಊರಲ್ಲಿ ಹೆಸರು ಪಡೆದ ನನ್ನ ಬಳಿ ಅವಳ ಮುಂದೆ ಇಡುವಂಥದ್ದು ಏನೂ ಇರಲಿಲ್ಲ.

ಆ ದಿನಗಳಲ್ಲಿ, ನಾನು ಕೇಳಿದ ಭಾಷ್ಯಗ್ರಂಥ ಬರಲಿಲ್ಲವೆಂದು ಶೈಲಜಾ ಮದ್ದಳೆಗಾರನೊಬ್ಬನ ಜೀವನಚರಿತ್ರೆಯನ್ನು ಕೈಗಿತ್ತಳು. ಸಂಜೆ ಅದನ್ನೇ ತೆರೆದೆ. ನನ್ನ ಅವಸ್ಥೆ ಹೇಳುತ್ತೇನೆ, ನಗಬೇಡಿ: ವ್ಯಾಸಪೀಠವಿಲ್ಲದೆ ನನಗೆ ಓದಲು ಬಾರದು, ವ್ಯಾಸಪೀಠದ ಮುಂದೆ ಕೂತರೆ ರಾಗವಿಲ್ಲದೆ ಓದಲು ಬಾರದು. ಮೊದಲ ಪುಟದ "ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ" ಎಂಬ ಸಾಲನ್ನೂ ಭಕ್ತಿಯಿಂದ ರಾಗವಾಗಿ ಓದಿಬಿಟ್ಟೆ.

ಒಳಕೋಣೆಯಿಂದ ಅಕ್ಕನ ಧ್ವನಿ ಬಂತು. "ತಮ್ಮಾ, ಅದು ಯಾವ ಋಷಿ ಹೇಳಿದ್ದು?"

ಮರುಗಳಿಗೆಯಲ್ಲಿ ನಗು ಕೇಳಿತು. ಗೋಡೆ ಸವರಿಕೊಂಡು ಹೊರಬಂದು ಅವಳು ದೀಪದ ಪಕ್ಕ ಕುಳಿತಳು.

ಆ ಮದ್ದಳೆಗಾರನಿಗೆ ನಡುವಯಸ್ಸಿನಲ್ಲೇ ಬಲಗೈಯ ಸ್ವಾಧೀನ ತಪ್ಪಿತಂತೆ. ಮದ್ದಳೆಯನ್ನು ಮುಟ್ಟಲಾಗದೆ, ತಾಳದ ನುಡಿಗಳನ್ನು ಬಾಯಲ್ಲೇ ಹೇಳಿಕೊಟ್ಟು ಶಿಷ್ಯರನ್ನು ತಯಾರು ಮಾಡಿದನಂತೆ. ದೇವತೆಗಳ ವರವಿಲ್ಲದೆ, ಆಕಾಶವಾಣಿಯಿಲ್ಲದೆ ಮನುಷ್ಯನೊಬ್ಬ ಇಷ್ಟು ಎತ್ತರಕ್ಕೆ ಏರಬಲ್ಲನೆ! ಪುಸ್ತಕ ಮುಗಿದ ಸಂಜೆ ಅಕ್ಕ ಕೇಳಿದಳು: "ಸಮಾಪ್ತಿಗೆ ಪಂಚಕಜ್ಜಾಯ ಇಲ್ವಾ? ಮದ್ದಳೆಯವ ಎಂತ ಪಾಪ ಮಾಡಿದ?" ಮನೆಯಾಕೆ ಮಾಡಿಕೊಟ್ಟಳು. ಅಕ್ಕ ಎರಡನೆಯ ಸಲ ಕೈಯೊಡ್ಡಿದಳು.

ಹೀಗೆ ವರ್ಷವಿಡೀ ನಮ್ಮ ವ್ಯಾಸಪೀಠವನ್ನು ಮನುಷ್ಯರು ಏರಿದರು. ಒಂದೇ ಜಾತಿಯ ಜರಿಗಿಡವನ್ನು ಅರಸುತ್ತ ಅರ್ಧ ಆಯುಷ್ಯವನ್ನು ಕಾಡಿನಲ್ಲಿ ಕಳೆದ ಸಸ್ಯವಿಜ್ಞಾನಿಯೊಬ್ಬಳು ಬಂದಳು. ಅದಕ್ಕಿಂತ ದೊಡ್ಡ ತಪಸ್ಸನ್ನು ನಾನು ಯಾವ ಗ್ರಂಥದಲ್ಲೂ ಓದಿಲ್ಲ. ಕೊನೆಗೆ ಗಿಡ ಸಿಕ್ಕಾಗ ಅವಳು ಅದನ್ನು ಕೀಳದೆ ನಮಸ್ಕರಿಸಿ ಹಿಂದಿರುಗಿದಳು. ಕಡೆಯಲ್ಲಿ ಬಂದದ್ದು ಸರಕಾರಿ ಆಸ್ಪತ್ರೆಯ ದಾದಿಯೊಬ್ಬಳ ಆತ್ಮಕಥೆ. ಅದೇ ನಿನ್ನೆ ನಾನು ಮರಳಿಸಿದ್ದು.

ಪಾರಾಯಣ ಮಾಡುವವನ ಕಣ್ಣು ನಾಲಗೆಗಿಂತ ಮುಂದೆ ಓಡುತ್ತದೆ. ಒಂದು ಸಂಜೆ ನನ್ನ ಕಣ್ಣಿಗೆ ಮುಂದಿನ ಪುಟ ಕಂಡಿತು: ದಾದಿಯ ಮಗಳು, ತಾಯಿ ದುಡಿಯುವ ಆಸ್ಪತ್ರೆಯಲ್ಲೇ ಜ್ವರದಿಂದ ತೀರಿಕೊಳ್ಳುತ್ತಾಳೆ. ಮೆಲ್ಲನೆ ಹಾಳೆಗಳನ್ನು ಹಾರಿಸಿದೆ.

"ಎರಡು ಹಾಳೆ ಒಟ್ಟಿಗೆ ಮಗುಚಿದ ಶಬ್ದ ಕೇಳಿತು" ಎಂದಳು ಅಕ್ಕ. "ಹಿಂದೆ ಹೋಗು."

"ಅಕ್ಕಾ, ಅಲ್ಲಿ ಬೇಡ."

"ಎಂತ ಉಂಟು ಅಲ್ಲಿ ಅಂತ ನನಗೆ ಗೊತ್ತಾಯ್ತು. ಓದು."

ಓದಿದೆ. ನನ್ನ ರಾಗ ತಾನಾಗಿಯೇ ಬಿದ್ದುಹೋಗಿತ್ತು. ಆ ತಾಯಿ ಏನನ್ನೂ ಮುಚ್ಚಿಡದೆ ಬರೆದಿದ್ದಳು. ನಿಲ್ಲಿಸೋಣವೆಂದರೆ ನಿಯಮ ಅಡ್ಡ ಬಂತು. ಮಂಗಲವನ್ನು ಹುಡುಕುತ್ತ ಪುಟದಿಂದ ಪುಟಕ್ಕೆ ಹೋದೆ. ಯಾರೂ ಎದ್ದು ಬರಲಿಲ್ಲ, ಯಾವ ದೇವತೆಯೂ ಪ್ರತ್ಯಕ್ಷವಾಗಲಿಲ್ಲ. ಕೆಲಸಕ್ಕೆ ಮರಳಿದ ದಿನ ದಾದಿ ವಾರ್ಡಿಗೆ ಹೋಗಿ, ಅಲ್ಲಿ ಮಲಗಿದ್ದ ಯಾರದೋ ಹೆಣ್ಣುಮಗುವಿನ ಸಿಕ್ಕುಗಟ್ಟಿದ ತಲೆಯನ್ನು ಬಾಚಿ ಜಡೆ ಹಾಕಿದಳು.

"ಅಲ್ಲಿ ನಿಲ್ಲಿಸು" ಎಂದಳು ಅಕ್ಕ. "ಮಂಗಲ ಬಂತು."

ನಾನು ತಬ್ಬಿಬ್ಬಾದೆ. "ಎಲ್ಲಿ ಬಂತು?"

"ಜಡೆ ಹಾಕಿದಳಲ್ಲ ತಮ್ಮ! ಅದಕ್ಕಿಂತ ಮಂಗಲ ಎಂತ ಬೇಕು ನಿನಗೆ?"

ಮತ್ತೆ ಅವಳೇ ಹೇಳಿದಳು: "ನಮ್ಮ ಗೀತನ ಕೂದಲು ಕೈಯಲ್ಲಿ ನಿಲ್ತಿರಲಿಲ್ಲ. ಅಷ್ಟು ದಪ್ಪ."

ನಾನು ಆ ಪುಟದಲ್ಲಿ ತುಳಸಿಯ ದಳವಿಟ್ಟು ಕೈಮುಗಿದೆ. ಪುಸ್ತಕಕ್ಕೋ, ಅಕ್ಕನಿಗೋ, ಕಾಣದ ಆ ದಾದಿಗೋ ಎಂದು ಕೇಳಿದರೆ ಇಂದಿಗೂ ಹೇಳಲಾರೆ.

ಆದ್ದರಿಂದಲೇ ನಿನ್ನೆ ಶೈಲಜಾಳನ್ನು ತಡೆದದ್ದು. ಪುಟವನ್ನು ಹುಡುಕಿ ತೋರಿಸಿ, "ಈ ಒಂದು ದಳ ಇರಲಿ. ಇಲ್ಲಿಗೆ ಬಂದವರಿಗೆ ಇನ್ನು ನಿಲ್ಲಿಸಬಹುದು ಅಂತ ಗೊತ್ತಾಗಲಿ" ಎಂದೆ. ಅವಳು ಆ ಪುಟವನ್ನು ನಿಂತಲ್ಲೇ ಓದಿದಳು. ಬಳಿಕ ಪುಸ್ತಕವನ್ನು ಕಪಾಟಿಗೆ ಸೇರಿಸದೆ ತನ್ನ ಚೀಲಕ್ಕೆ ಹಾಕಿಕೊಂಡಳು.

ಬಸ್ಸಿಳಿದು ಮನೆಗೆ ಬಂದಾಗ ಅಕ್ಕ ಜಗಲಿಯಲ್ಲಿದ್ದಳು. "ಇವತ್ತು ಯಾರನ್ನು ಕರ್ಕೊಂಡು ಬಂದೆ?"

"ಯಾರನ್ನೂ ಇಲ್ಲ. ಇವತ್ತು ನೀನು ಹೇಳು. ಗೀತಳದ್ದು."

ಅವಳು ಎದ್ದು ಒಳಗೆ ಹೋಗಲಿಲ್ಲ. ದೀಪ ಹಚ್ಚಿದ ಮೇಲೆ ವ್ಯಾಸಪೀಠವನ್ನು ಖಾಲಿಯಾಗಿಯೇ ಅವಳ ಮುಂದೆ ಬಿಡಿಸಿಟ್ಟು, ನಾನು ಕೇಳುವವರ ಜಾಗದಲ್ಲಿ ಕುಳಿತೆ. ಅಕ್ಕ ಸೆರಗು ಹೊದ್ದು ಗಂಟಲು ಸರಿಮಾಡಿಕೊಂಡಳು.